ಈಗಷ್ಟೇ ನೋಡಿದೆ

ಪೆಟ್ಟಿಗೆ ರಹಿಮಾನ್ ಸಾಹೇಬರ ಮಗಳು ಜರ್ಮನಿಯಿಂದ ಬಂದಿದ್ದಾಳೆ ಎಂಬುದು ಹಗರಿಬೊಮ್ಮನಹಳ್ಳಿಯ ಗುರುಬಸವರಾಜರಿಗೆ ಗೊತ್ತಾದದ್ದು ಒಂದು ಹಾರ್ಮೋನಿಯಂನ ದೆಸೆಯಿಂದ. ಅವರ ಕಲಾ ಸಂಘದ ಪೆಟ್ಟಿಗೆಯ ತಿದಿ ಹರಿದು ಗಾಳಿ ಸೋರುತ್ತಿತ್ತು. ರಿಪೇರಿಗೆ ಕೊಟ್ಟದ್ದನ್ನು ಒಯ್ಯಲು ಅವರು ಕೊಟ್ಟೂರಿಗೆ ಬಂದಾಗ ಸಾಹೇಬರ ಅಂಗಡಿಯ ಒಳಗೋಣೆಯಲ್ಲಿ ನಲವತ್ತು ದಾಟಿದ ಹೆಂಗಸೊಬ್ಬಳು ಗೆರೆ ಹಾಕಿದ ದೊಡ್ಡ ಹಾಳೆಗಳನ್ನು ಮುಂದಿಟ್ಟುಕೊಂಡು, ಪೆನ್ಸಿಲನ್ನು ಮುಟ್ಟದೆ, ಸುಮ್ಮನೆ ಕೂತಿದ್ದಳು.

"ನಿಮ್ಮ ಮಗಳೇನ್ರಿ ಸಾಹೇಬ್ರ? ಪಿಯಾನೊ ಬಾರಿಸ್ತಾರಲ್ಲ, ಪೇಪರ್‌ನ್ಯಾಗ ಬರ್ತಾರಲ್ಲ, ಅವ್ರು?"

"ಹೂನ್ರಿ, ಆಕೀನ. ನಿಶಾತ."

ಗುರುಬಸವರಾಜರದು ಗೊಬ್ಬರದ ಅಂಗಡಿ, ಆದರೆ ಮನಸ್ಸೆಲ್ಲ ನಾಟಕ, ಸಂಗೀತದ ಮೇಲೆ. ನಿಂತ ನಿಲುವಿನಲ್ಲೇ ಸನ್ಮಾನದ ದಿನ ಗೊತ್ತು ಮಾಡಿದರು. ನಿಶಾತ ಬೇಡ ಅನ್ನಲಿಲ್ಲ. ಬೇಡ ಅನ್ನಬೇಕಾದರೂ ಒಂದು ಕಾರಣ ಬೇಕಾಗುತ್ತದೆ. ಅದನ್ನು ಹುಡುಕುವಷ್ಟು ಚೈತನ್ಯ ಅವಳಲ್ಲಿ ಇರಲಿಲ್ಲ.

ಮೂರು ವರ್ಷದಿಂದ ಅವಳು ಹಾಗೇ ಇದ್ದಳು. ಅದನ್ನು ದುಃಖ ಅನ್ನುವಂತಿರಲಿಲ್ಲ. ಹಲ್ಲು ಕೀಳುವ ಮೊದಲು ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ತನ್ನದೋ ಮಂದಿಯದೋ ತಿಳಿಯದಂತಾಗುತ್ತದಲ್ಲ, ಹಾಗೆ. ಆ ಮೂರು ವರ್ಷದಲ್ಲಿ ಅವಳು ಅರವತ್ತಕ್ಕೂ ಹೆಚ್ಚು ಕಛೇರಿ ಕೊಟ್ಟಿದ್ದಳು. ಎಲ್ಲೂ ಬೆರಳು ತಪ್ಪಿರಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಒಳಗೆ ಏನೂ ಇಲ್ಲದೆ ಬಾರಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ ಎಂದು ತಿಳಿದ ದಿನ ಅವಳಿಗೆ ಭಯವಾಗಬೇಕಿತ್ತು. ಅದೂ ಆಗಲಿಲ್ಲ. ಬಾರಿಸುವುದೇನೋ ನಡೆಯಿತು, ಬರೆಯುವುದು ಮಾತ್ರ ನಿಂತುಹೋಯಿತು. ಅವಳಿದ್ದ ಕಲೋನ್ ನಗರದ ವಾದ್ಯವೃಂದವೊಂದು ಪಿಯಾನೊ ಮತ್ತು ತಂತಿವಾದ್ಯಗಳಿಗೆಂದು ಇಪ್ಪತ್ತೈದು ನಿಮಿಷದ ಹೊಸ ಕೃತಿಯನ್ನು ಕೇಳಿತ್ತು. ಏಪ್ರಿಲ್ ಕೊನೆಗೆ ಕೊಡಬೇಕು. ನಾಲ್ಕು ಪುಟವಾದ ಮೇಲೆ ಕೈ ಮುಂದಕ್ಕೆ ಹೋಗಲಿಲ್ಲ. ಊರಿಗೆ ಹೋದರೆ ಏನಾದರೂ ಆದೀತು ಎಂದು ಹೊರಟು ಬಂದಿದ್ದಳು. ಬಂದು ಒಂಬತ್ತು ದಿನವಾಗಿತ್ತು. ಏನೂ ಆಗಿರಲಿಲ್ಲ.

ಕೊಟ್ಟೂರಿನ ಹುಡುಗಿಗೆ ಪಿಯಾನೊ ಎಲ್ಲಿಂದ ಗಂಟುಬಿತ್ತು ಎಂದು ಕೇಳಿದವರಿಗೆಲ್ಲ ರಹಿಮಾನ್ ಸಾಹೇಬರು ಒಂದೇ ಮಾತು ಹೇಳುತ್ತಿದ್ದರು: "ಆಕೀ ಕಿವಿ ನೋಡ್ರಿ, ಅದರದು ತಪ್ಪು." ಅಜ್ಜನ ಕಾಲದಿಂದ ಅವರದು ಹಾರ್ಮೋನಿಯಂ ರಿಪೇರಿಯ ಮನೆ. ಹೊಳಲು, ತೆಲಿಗಿ, ಹೊಸಹಳ್ಳಿ ಕಡೆಯ ಭಜನೆಯವರ, ನಾಟಕದವರ ಪೆಟ್ಟಿಗೆಗಳೆಲ್ಲ ಅವರ ಅಂಗಡಿಗೇ ಬರುತ್ತಿದ್ದವು. ಪೆಟ್ಟಿಗೆಯೊಳಗೆ ಸ್ವರ ಹೊರಡಿಸುವ ಹಿತ್ತಾಳೆಯ ಪಟ್ಟಿ, ರೀಡು, ಅದರ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಸಾಹೇಬರು ಕೆರೆದು ಕೆರೆದು ನೋಡುತ್ತಿದ್ದರೆ ಏಳು ವರ್ಷದ ಮಗಳು ಅಡಿಗೆಮನೆಯಿಂದಲೇ "ಅಬ್ಬಾ, ಇನ್ನಾ ಇಳದೈತಿ" ಎಂದು ಕೂಗುತ್ತಿದ್ದಳು. ನೋಡಿದರೆ ನಿಜವಾಗಿಯೂ ಕೂದಲೆಳೆಯಷ್ಟು ಇಳಿದಿರುತ್ತಿತ್ತು.

ಹರಪನಹಳ್ಳಿಯಲ್ಲಿ ಸುಕನ್ಯಾ ಎಂಬ ಡಾಕ್ಟರಮ್ಮ ಇದ್ದರು. ಮದರಾಸಿನಲ್ಲಿ ಓದುವಾಗ ಪಿಯಾನೊ ಕಲಿತು, ಊರಿಗೆ ಮರಳುವಾಗ ಪಿಯಾನೊವನ್ನೂ ಲಾರಿಗೆ ಹೇರಿಸಿಕೊಂಡು ಬಂದವರು. ಅದರ ಕರಿಬಿಳಿ ಪಟ್ಟಿಗಳು ಒತ್ತಿದರೆ ಮೇಲೇಳದಂತಾದಾಗ, ಇದೂ ಒಂದು ಪೆಟ್ಟಿಗೆಯೇ ಅಲ್ಲವೇ ಎಂದು ಸಾಹೇಬರನ್ನು ಕರೆಸಿದರು. ಎಂಟು ವರ್ಷದ ನಿಶಾತ ಅಪ್ಪನ ಜೊತೆ ಹೋದಳು. ಅಪ್ಪ ಒಳಗಿನ ಉಣ್ಣೆಬಟ್ಟೆಗೆ ಹತ್ತಿದ್ದ ಹುಳ ತೆಗೆಯುವಷ್ಟರಲ್ಲಿ ಮಗಳು ಒಂದೊಂದೇ ಪಟ್ಟಿ ಒತ್ತಿ, ಯಾವುದು ಏರಿದೆ ಯಾವುದು ಇಳಿದಿದೆ ಎಂದು ಬಿಡದೆ ಹೇಳಿದಳು. ಡಾಕ್ಟರಮ್ಮ ಕೇಳಿಸಿಕೊಂಡು, "ಸಾಹೇಬ್ರೇ, ಪ್ರತಿ ಭಾನುವಾರ ಈ ಹುಡುಗಿನ್ನ ಕಳಿಸ್ರಿ" ಎಂದರು.

ಆರು ವರ್ಷ, ಪ್ರತಿ ಭಾನುವಾರ, ಬೆಳಗಿನ ಬಸ್ಸಿಗೆ ಅವಳನ್ನು ಕರೆದುಕೊಂಡು ಹೋದದ್ದು ತಾಯಿ ಜೈತುನ್ ಬೀ. ಒಳಗೆ ಮಗಳು ಬಾರಿಸುವಷ್ಟು ಹೊತ್ತೂ ಆಕೆ ಡಾಕ್ಟರಮ್ಮನ ಕಟ್ಟೆಯ ಮೇಲೆ ಕೂತು ಊರವರ ರವಿಕೆಗಳಿಗೆ ಹುಕ್ಕು ಹಚ್ಚುತ್ತಿದ್ದಳು. ಒಳಗೆ ಬರ್ರಿ ಎಂದು ಎಷ್ಟು ಕರೆದರೂ ಹೋಗಲಿಲ್ಲ. ಆ ವಾದ್ಯದ ತಲೆಬುಡ ಆಕೆಗೆ ತಿಳಿಯುತ್ತಿರಲಿಲ್ಲ. ಮಗಳು ಏನೋ ಕಲಿಯುತ್ತಿದ್ದಾಳೆ, ಕಲಿಯಲಿ ಎಂಬುದಷ್ಟೇ ಆಕೆಗೆ ತಿಳಿದಿದ್ದು.

ಹದಿನಾಲ್ಕನೆಯ ವಯಸ್ಸಿಗೆ ಡಾಕ್ಟರಮ್ಮ ಅವಳನ್ನು ಚೆನ್ನೈನಲ್ಲಿದ್ದ ತಮ್ಮ ಗುರುಗಳ ಮನೆಗೆ ಕಳಿಸಿದರು. ಇಪ್ಪತ್ತಕ್ಕೆ ವಿದ್ಯಾರ್ಥಿವೇತನ ಸಿಕ್ಕಿ ಜರ್ಮನಿಗೆ ಹೋದಳು. ಅಲ್ಲಿ ಮೊದಮೊದಲು ವೃದ್ಧಾಶ್ರಮಗಳಲ್ಲಿ ಬಾರಿಸಿದಳು, ನೃತ್ಯಶಾಲೆಯಲ್ಲಿ ಮಕ್ಕಳ ಹೆಜ್ಜೆಗೆ ತಕ್ಕಂತೆ ಬಾರಿಸಿದಳು. ಇಪ್ಪತ್ತೇಳರಲ್ಲಿ ಒಂದು ದೊಡ್ಡ ಸ್ಪರ್ಧೆಯಲ್ಲಿ ಎರಡನೆಯವಳಾಗಿ ಬಂದ ಮೇಲೆ ಸಭಾಂಗಣಗಳ ಬಾಗಿಲು ಒಂದೊಂದಾಗಿ ತೆರೆದವು. ಮೂವತ್ತು ದಾಟಿದ ಮೇಲೆ ಸ್ವಂತವಾಗಿ ಬರೆಯತೊಡಗಿದಳು. ‘ಭಾನುವಾರದ ಬಸ್ಸು’ ಎಂಬ ಹದಿನೆಂಟು ನಿಮಿಷದ ಕೃತಿ ಅವಳದು. ಎಡಗೈಯಲ್ಲಿ ನಾಲ್ಕೇ ಸ್ವರ ಗಾಲಿಯಂತೆ ಸುತ್ತುತ್ತವೆ. ಬಲಗೈ ಅಲ್ಲಲ್ಲಿ, ಹಳ್ಳಿಯ ಸ್ಟಾಪಿನಲ್ಲಿ ಬಸ್ಸು ನಿಂತಂತೆ, ನಿಂತು ಮುಂದೆ ಹೋಗುತ್ತದೆ. ಕೇಳಿದವರು ಮೆಚ್ಚಿದರು. ಆದರೆ ಅವಳನ್ನು ನಿಜವಾಗಿ ಮೇಲೆತ್ತಿದ್ದು ಮೂರು ವರ್ಷದ ಹಿಂದೆ, ಮಾರ್ಚ್ ತಿಂಗಳ ಒಂದು ಸಂಜೆ, ವಿಯೆನ್ನಾದಲ್ಲಿ ಅದನ್ನೇ ಬಾರಿಸಿದ್ದು. ಆ ಸಂಜೆಯ ಧ್ವನಿಮುದ್ರಣ ಹೊರಬಂತು, ಪ್ರಶಸ್ತಿ ಬಂತು, ಎಲ್ಲಿ ಹೋದರೂ ಅದರದೇ ಮಾತಾಯಿತು.

ಅದೇ ದಿನ ಕೊಟ್ಟೂರಿನಲ್ಲಿ ಜೈತುನ್ ಬೀ ಎದೆನೋವಿನಿಂದ ತೀರಿಕೊಂಡಿದ್ದಳು.

ಹಗರಿಬೊಮ್ಮನಹಳ್ಳಿಯಲ್ಲಿ ಸನ್ಮಾನ ಮಧ್ಯಾಹ್ನ ಮೂರಕ್ಕೆ ಎಂದಿದ್ದದ್ದು ನಾಲ್ಕೂವರೆಗೆ ಸುರುವಾಯಿತು. ಶಾಲು ಹೊದಿಸಿದರು, ಪೇಟ ಇಟ್ಟರು, ಹಣ್ಣಿನ ಬುಟ್ಟಿ ಕೈಗೆ ಕೊಟ್ಟು ಫೋಟೊ ಮುಗಿಯುವ ತನಕ ಹಿಡಿದುಕೊಂಡೇ ಇರಿ ಎಂದರು. ವೇದಿಕೆಯ ಮೂಲೆಯಲ್ಲಿ ಆರ್ಕೆಸ್ಟ್ರಾದವರಿಂದ ತಂದ ಕೀಬೋರ್ಡ್ ಇತ್ತು.

"ಮೇಡಂ, ನಮ್ಮ ಮಂದಿಗೆ ತಿಳಿಯುವಂಥದ್ದು ಒಂದು ಭಕ್ತಿಗೀತಿ ಬಾರಿಸಿಬಿಡ್ರಿ," ಎಂದು ಗುರುಬಸವರಾಜರು ಕಿವಿಯಲ್ಲಿ ಹೇಳಿದರು.

"ಕೈ ನೋಯಾಕತ್ತೈತ್ರಿ," ಎಂದಳು. ನೋಯುತ್ತಿರಲಿಲ್ಲ.

"ಹಂಗಾದ್ರ ಬ್ಯಾಡ ಬಿಡ್ರಿ. ನಿಮ್ಮ ರೆಕಾರ್ಡಿಂಗ್ ನಮ್ಮ ಪೆನ್‌ಡ್ರೈವಿನ್ಯಾಗ ಐತಿ, ಅದನ್ನ ಹಚ್ಚತೀವಿ."

ನಿರೂಪಣೆಗೆ ನಿಂತಿದ್ದ ಕಾಲೇಜಿನ ಉಪನ್ಯಾಸಕಿ ರೋಜಾ ಮೈಕಿನ ಹತ್ತಿರ ಬಂದು, ಕೈಯಲ್ಲಿದ್ದ ಚೀಟಿ ನೋಡಿ, ಭಾವ ತುಂಬಿ ಓದಿದಳು. "ಆ ದಿನ ಹೆತ್ತ ತಾಯಿ ಕಣ್ಣು ಮುಚ್ಚಿದ್ದು ಮಗಳಿಗೆ ಗೊತ್ತೇ ಇರಲಿಲ್ಲ. ಸಾವಿರಾರು ಮೈಲಿ ದೂರದ ವೇದಿಕೆಯಲ್ಲಿ ಕೂತ ಆ ಮಗಳ ಬೆರಳುಗಳಿಗೆ ಮಾತ್ರ ಅದು ಹೇಗೋ ಗೊತ್ತಾಗಿತ್ತು. ಕೇಳಿ, ಸಂಗೀತವೇ ಅತ್ತ ಆ ಸಂಜೆಯನ್ನು."

ಆ ಮಾತು ರೋಜಾಳದಲ್ಲ. ಧ್ವನಿಮುದ್ರಣದ ಜೊತೆಗೆ ಬರುವ ಪುಸ್ತಿಕೆಯಲ್ಲಿ ಇದ್ದದ್ದು. ಪುಸ್ತಿಕೆಯವರು ಅದನ್ನು ಒಂದು ಪತ್ರಿಕೆಯಿಂದ ಎತ್ತಿಕೊಂಡಿದ್ದರು, ಆ ಪತ್ರಿಕೆಗೆ ಹೇಳಿದ್ದವಳು ನಿಶಾತಳೇ.

ಎರಡು ದೊಡ್ಡ ಸ್ಪೀಕರುಗಳಿಂದ ಎಡಗೈಯ ನಾಲ್ಕು ಸ್ವರಗಳು ಹೊರಟವು. ಮುಂದಿನ ಸಾಲಿನಲ್ಲಿ ರಹಿಮಾನ್ ಸಾಹೇಬರು ಕೂತಿದ್ದರು, ಪಕ್ಕದಲ್ಲಿ ಅವಳ ತಮ್ಮ ಸಲೀಂ. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ, ಸಾಹೇಬರು ಕೋಲು ಊರಿ ಎದ್ದು, ಗೋಡೆಯ ಬದಿಯಿಂದ ನಡೆದು ಹೊರಗೆ ಹೋದರು. ಸಲೀಂ ಅಪ್ಪನ ಹಿಂದೆ ಏಳಲಿಲ್ಲ. ಅವನು ವೇದಿಕೆಯ ಮೇಲಿದ್ದ ಅಕ್ಕನನ್ನೇ ನೋಡುತ್ತಿದ್ದ. ಹದಿನೆಂಟು ನಿಮಿಷವೂ ನೋಡಿದ. ಅವಳು ಹಣ್ಣಿನ ಬುಟ್ಟಿಯ ಮೇಲಿನ ಬಣ್ಣದ ಕಾಗದವನ್ನು ನೋಡುತ್ತ ಕೂತಳು.

ಮರಳುವಾಗ ಕಾರು ಕೊಟ್ಟೂರಿನ ಹತ್ತಿರ ಬಂದಾಗ ಸಾಹೇಬರು, "ಒಳಗ ಭಾಳ ಸೆಕಿ ಇತ್ತು, ಅದಕ್ಕ ಎದ್ದು ಹೋದೆ" ಎಂದರು. ಸಭೆಯಲ್ಲಿ ಅರ್ಧ ಮಂದಿ ಜನವರಿಯ ಥಂಡಿಗೆ ಸ್ವೆಟರ್ ಹಾಕಿಕೊಂಡಿದ್ದರು.

ಮರುದಿನ ಬೆಳಿಗ್ಗೆ ಅವಳು ಅಂಗಡಿಯಲ್ಲಿ ಅಪ್ಪನ ಎದುರು ಮಣೆಯ ಮೇಲೆ ಕೂತಳು. ಸಾಹೇಬರು ಯಾವುದೋ ಪೆಟ್ಟಿಗೆಯ ರೀಡುಗಳನ್ನು ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದರು.

"ಅಬ್ಬಾ, ನಿಮಗ ಒಂದು ಮಾತು ಹೇಳಬೇಕು."

"ಹೇಳವ್ವ."

"ಅಮ್ಮಿ ಹೋಗಿದ್ದು ನನಗ ಗೊತ್ತಿತ್ತು. ಬಾರಿಸೋಕಿಂತ ಮೊದಲ ಗೊತ್ತಿತ್ತು."

ಹೇಳಿದಳು. ಎಲ್ಲವನ್ನೂ ಹೇಳಿದಳು. ಸಂಜೆ ಐದಾಗಿತ್ತು, ಕಛೇರಿಗೆ ಇನ್ನೂ ಎರಡೂವರೆ ಗಂಟೆ ಇತ್ತು. ಸಭಾಂಗಣದ ಹಿಂದಿನ ಸಣ್ಣ ಕೋಣೆಯಲ್ಲಿ ಒಬ್ಬಳೇ ಇದ್ದಳು. ಫೋನು ತೆರೆದರೆ ಸಲೀಂ ಬರೆದಿದ್ದ: ಅಮ್ಮಿ ಹೋಗಿಬಿಟ್ರು ಆಪಾ, ಫೋನ್ ಮಾಡು. ಅವಳು ಅದನ್ನು ಒಂದು ಸಲ ಓದಿದಳು. ಫೋನು ಬಂದ್ ಮಾಡಿ ಚೀಲದ ತಳಕ್ಕೆ ಹಾಕಿದಳು. ನಂತರ ನಲ್ಲಿಯ ಬಿಸಿನೀರಿಗೆ ಕೈಯೊಡ್ಡಿ ನಿಂತಳು, ಪ್ರತಿ ಕಛೇರಿಗೆ ಮುಂಚೆ ನಿಲ್ಲುವಂತೆಯೇ. ಹೊರಟರೆ ಮುಖ ನೋಡಲು ಸಿಗುತ್ತದೋ ಇಲ್ಲವೋ ಎಂದು ಆಮೇಲೆ ನೂರು ಸಲ ವಿಮಾನದ ಹೊತ್ತು ಕೂಡಿಸಿ ಕಳೆದಿದ್ದಳು, ಆದರೆ ಆ ಕ್ಷಣದಲ್ಲಿ ಅಂಥ ಯೋಚನೆ ಯಾವುದೂ ಬರಲಿಲ್ಲ. ವೇದಿಕೆಗೆ ಹೋದಳು, ಬಾರಿಸಿದಳು. ಜನ ಬಿಡದೆ ಕೇಳಿದ್ದಕ್ಕೆ ಮತ್ತೊಂದು ಸಣ್ಣದನ್ನೂ ಬಾರಿಸಿದಳು. ಊಟಕ್ಕೆ ಕರೆದರು, ಹೋದಳು. ಫೋನು ತೆರೆಯುವ ತನಕ ಅಮ್ಮಿ ಇನ್ನೂ ಪೂರ್ತಿ ಸತ್ತಿಲ್ಲ ಎಂಬಂತೆ ಅನಿಸಿತ್ತು. ಬೆಳಿಗ್ಗೆ ಏಳಕ್ಕೆ ಅದನ್ನು ತೆರೆದು ಮನೆಗೆ ಫೋನ್ ಹಚ್ಚಿ, "ಈಗಷ್ಟೇ ನೋಡಿದೆ" ಎಂದಳು. ಅಷ್ಟರಲ್ಲಿ ಇಲ್ಲಿ ಮಣ್ಣಾಗಿ ಒಂದೂವರೆ ತಾಸಾಗಿತ್ತು.

ಸಾಹೇಬರು ಕೈಯಲ್ಲಿದ್ದ ರೀಡನ್ನು ಬಟ್ಟೆಯ ಮೇಲೆ ಅದರ ಜಾಗದಲ್ಲಿಟ್ಟರು.

"ನನಗ ಗೊತ್ತೈತಿ," ಎಂದರು.

ನಿಶಾತ ಅವರ ಮುಖ ನೋಡಿದಳು.

"ಸಲೀಂ ಆ ಫೋನ್ ಹಿಡಕೊಂಡ ಕುಂತಿದ್ದ. ನೀ ಓದಿದ ಕೂಡ್ಲೆ ಅದರಾಗ ಎರಡು ಗೆರಿ ನೀಲಿ ಆಗ್ತಾವಂತಲ್ಲ, ಆದವು. 'ಆಪಾ ನೋಡಿದ್ಲು, ಈಗ ಮಾಡ್ತಾಳ' ಅಂದ. ಎಲ್ಲಾರೂ ಕುಂತ್ವಿ. ನೀ ಮಾಡಲಿಲ್ಲ."

"ಮೂರು ವರ್ಷ ನೀವು ಒಂದು ಮಾತು ಕೇಳಲಿಲ್ಲ."

"ಕೇಳಿದ್ರ ನೀ ಇನ್ನೊಂದು ಸುಳ್ಳು ಹೇಳಬೇಕಾಗ್ತಿತ್ತು. ಒಂದ ಸಾಕಾಗಿತ್ತು ನಿನಗ."

ರಸ್ತೆಯಲ್ಲಿ ಯಾರೋ ತರಕಾರಿ ಗಾಡಿಯವನು ಮೈಕಿನಲ್ಲಿ ಬದನೆಕಾಯಿ, ಟೊಮೆಟೊ ಎಂದು ಕೂಗುತ್ತ ಹೋದ.

"ನಿನ್ನೆ ಎದ್ದು ಹೋಗಿದ್ದು ಅದಕ್ಕೇನು?" ಎಂದು ಅವಳು ಕೇಳಿದಳು.

"ಅದು ಸಂಗೀತ ಅಳತೈತಿ ಅಂದಳಲ್ಲ ಆ ಮೇಡಂ, ನನಗ ಹಂಗ ಕೇಳಸಂಗಿಲ್ಲವ್ವ. ನೀ ಮೊದಲ ಬಾರಿಸಿ ಕಳಿಸಿದ ರೆಕಾರ್ಡಿನ್ಯಾಗ ಎಲ್ಲೆಲ್ಲಿ ನಿಲ್ತಿದ್ದಿ ನನಗ ಗೊತ್ತೈತಿ. ಆವತ್ತು ಎಲ್ಲೂ ಸರಿಯಾಗಿ ನಿಂತಿಲ್ಲ. ಹಿಂದ ಯಾರೋ ಅಟ್ಟಿಸಿಕೊಂಡು ಬಂದಂಗ ಹೋಗೀದಿ. ಅದನ್ನ ಕೇಳಿದ್ರ ನನಗ ಉಸಿರು ಕಟ್ಟತೈತಿ."

ಹೇಳಿಬಿಟ್ಟರೆ ಏನೋ ಒಡೆದು ಹರಿಯುತ್ತದೆ, ಕಣ್ಣೀರಾದರೂ ಬರುತ್ತದೆ ಎಂದು ಅವಳು ಅಂದುಕೊಂಡಿದ್ದಳು. ಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಹೊರಗೆ ಬಂದಿತ್ತು. ಆದರೂ ಅವಳ ಕಣ್ಣು ಒಣಗಿಯೇ ಇತ್ತು, ಎದೆಯಲ್ಲಿ ಏನೂ ಮಿಸುಕಲಿಲ್ಲ.

"ನನಗ ಏನೂ ಅನಸವಲ್ದು ಅಬ್ಬಾ. ಬಾರಿಸಿದ್ರೂ ಅನಸಂಗಿಲ್ಲ, ಬರದ್ರೂ ಅನಸಂಗಿಲ್ಲ. ಈಗ ಇದನ್ನ ಹೇಳಿದ್ನಲ್ಲ, ಇದಕ್ಕೂ ಏನೂ ಇಲ್ಲ."

ಸಾಹೇಬರು ಸ್ವಲ್ಪ ಯೋಚಿಸಿದರು. "ಹಾಳಿ ಮ್ಯಾಲೆ ಒಂದು ಸ್ವರ ಬರದಿ ಅಂತ ಇಟಗೋ. ಅದು ಅಲ್ಲಿಗೆ ಸರಿ ಐತೋ ತಪ್ಪೈತೋ, ಅದು ಗೊತ್ತಾಗ್ತೈತೇನು?"

"ಗೊತ್ತಾಗ್ತೈತಿ."

"ಸದ್ಯಕ್ಕ ಅಷ್ಟು ಸಾಕು. ಅಮ್ಮಿ ಹೋದ ನಾಲ್ಕನೇ ದಿನಾನ ಹೊಸಹಳ್ಳಿ ಭಜನಿಯವ್ರು ಬಂದ್ರು, ಓಬಳೇಶಪ್ಪಾರು. ಪಾಪ, ಅವ್ರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಕುಂತು ಪೆಟ್ಟಿಗಿ ರಿಪೇರಿ ಮಾಡಿ ಕೊಟ್ಟೆ. ಆವತ್ತು ನನ್ನ ಕೈ ನಂದೋ ಅಲ್ಲೋ ನನಗ ತಿಳೀಲಿಲ್ಲ. ಆದ್ರ ಸ್ವರ ಸರಿ ಇತ್ತು. ಇವತ್ತಿಗೂ ಅದರಾಗ ಭಜನಿ ಮಾಡ್ತಾರ." ಮತ್ತೆ ರೀಡು ಎತ್ತಿಕೊಂಡು, ಅವಳ ಕಡೆ ನೋಡದೆ ಹೇಳಿದರು, "ಸಲೀಂಗೂ ಹೇಳು. ನನಗ ಹೇಳೂದು ಸುಲಭ."

ಸಲೀಂ ಅವಳಿಗಿಂತ ಆರು ವರ್ಷ ಚಿಕ್ಕವನು. ಕೂಡ್ಲಿಗಿ ರಸ್ತೆಯಲ್ಲಿ ಗ್ಯಾರೇಜು. ಈ ಮೂರು ವರ್ಷ ಅವಳು ಫೋನ್ ಮಾಡಿದಾಗಲೆಲ್ಲ ಎರಡು ಮಾತಾಡಿ, "ತಡಿ, ಮುಸ್ಕಾನ್‌ಗ ಕೊಡ್ತೀನಿ" ಎಂದು ಹೆಂಡತಿಯ ಕೈಗೆ ದಾಟಿಸುತ್ತಿದ್ದ. ಕೆಲಸದ ಒತ್ತಡ ಎಂದು ಅವಳು ತಿಳಿದಿದ್ದಳು. ಅವಳು ಗ್ಯಾರೇಜಿಗೆ ಹೋದಾಗ ಅವನು ಒಂದು ಟ್ರ್ಯಾಕ್ಟರಿನ ಎಂಜಿನ್ ಬಿಚ್ಚಿಕೊಂಡು ಕೂತಿದ್ದ. ಅವಳು ನಿಂತೇ ಹೇಳಿದಳು. ಅಪ್ಪನಿಗೆ ಹೇಳಿದಷ್ಟು ಉದ್ದವಾಗಿ ಅಲ್ಲ, ನಾಲ್ಕು ಮಾತಿನಲ್ಲಿ.

ಅವನು ತಲೆ ಎತ್ತಲಿಲ್ಲ. "ಹದಿನಾಲ್ಕರ ಪಾನಾ ಕೊಡು, ಅಲ್ಲೈತಿ ನೋಡು."

ಅವಳು ಹುಡುಕಿ ಕೊಟ್ಟಳು. ಅವನು ಒಂದು ಬೋಲ್ಟು ಬಿಚ್ಚಿ ಡಬ್ಬಿಗೆ ಹಾಕಿದ.

"ಹನ್ನೊಂದು ಸಲ ಫೋನ್ ಮಾಡಿದ್ದೆ ನಿನಗ. ಆಮೇಲೆ ಅಬ್ಬಾ ಫೋನ್ ಕಸಗೊಂಡ್ರು. 'ಬಿಡಲೇ, ಆಕಿ ಬಾರಿಸ್ತಿರ್ತಾಳ' ಅಂದ್ರು."

"ಅದನ್ನ ಅಬ್ಬಾ ನನಗ ಹೇಳಲಿಲ್ಲ."

"ಅವ್ರು ಹೇಳಂಗಿಲ್ಲ." ಅವನು ಈಗ ಕೈ ನಿಲ್ಲಿಸಿ ಅವಳನ್ನು ನೋಡಿದ. "ನೀ ಬಾರಿಸಿದ್ದಕ್ಕ ನನಗ ಸಿಟ್ಟಿಲ್ಲ ಆಪಾ. ಬರಾಕ ಆಗ್ತಿರಲಿಲ್ಲ, ಅದೂ ಗೊತ್ತೈತಿ. ಮಣ್ಣಾಗಿದ್ದು ಮುಂಜಾನಿ ಹತ್ತಕ್ಕ. ನೀ ಫೋನ್ ಮಾಡಿದ್ರ ಫೋನಿನ್ಯಾಗರ ಅಮ್ಮಿ ಮುಖ ನೋಡ್ತಿದ್ದಿ. ನಾನು ಹಿಡಕೊಂಡು ನಿಂದರ್ತಿದ್ದೆ. ಅದನ್ನೂ ಬಿಡು. ಎರಡು ದಿನ ಬಿಟ್ಟು ಬಂದಿ, ಬಸ್‌ಸ್ಟ್ಯಾಂಡಿನ್ಯಾಗ ನನ್ನ ಹೆಗಲ ಮ್ಯಾಲೆ ತಲಿ ಇಟ್ಟು 'ನನಗ ಗೊತ್ತ ಇರಲಿಲ್ಲೋ ಸಲೀಂ' ಅಂದಿ. ನಾನು ನಿನ್ನ ಬೆನ್ನು ಸವರಿ, 'ಇರಲಿ ಬಿಡು, ನಿನಗೆಲ್ಲಿಂದ ಗೊತ್ತಾಗ್ಬೇಕು' ಅಂದೆ. ಗೊತ್ತಿದ್ದೂ ಅಂದೆ. ಆವತ್ತು ನಾನು ಅಳಬೇಕಾಗಿತ್ತು ಆಪಾ. ನಿನ್ನ ಸಮಾಧಾನ ಮಾಡ್ಕೋತ ಹೋದೆ, ನನ್ನ ಅಳು ಹಂಗ ಒಳಗ ಉಳೀತು. ಆಮೇಲೆ ಅದನ್ನ ಪೇಪರ್‌ದವ್ರಿಗೂ ಹೇಳಿದಿ. ಈಗ ಹೊಳಲಿನ ಮಂದಿ, ಹಡಗಲಿ ಮಂದಿ, ಗಾಡಿ ರಿಪೇರಿಗೆ ಬಂದವ್ರೆಲ್ಲಾ ಅದನ್ನ ನನಗ ಹೇಳ್ತಾರ. ನಾನು ಹೂಂ ಅಂತೀನಿ."

"ತಪ್ಪಾತು ಸಲೀಂ."

"ಹೂಂ," ಎಂದ. "ತಪ್ಪಾತು."

ಅಷ್ಟೇ. ಮಾಫ್ ಮಾಡಿದೆ ಎಂದಾಗಲಿ, ಮಾಡುವುದಿಲ್ಲ ಎಂದಾಗಲಿ ಅನ್ನಲಿಲ್ಲ. ಮತ್ತೆ ಎಂಜಿನ್ನಿಗೆ ಬಗ್ಗಿದ. ಅವಳು ಅಲ್ಲೇ ಟಯರಿನ ಮೇಲೆ ಕೂತಳು. ಊಟದ ಹೊತ್ತಾಗುವ ತನಕ ಅವನು ಕೇಳಿದ ಸಾಮಾನು ಎತ್ತಿಕೊಟ್ಟಳು.

ಮಂಗಳವಾರದಿಂದ ಅವಳು ಬರೆಯಲು ಕೂತಳು. ಒಳಗೆ ಏನೋ ಹುಟ್ಟಿತು ಎಂದಲ್ಲ. ಬೆಳಿಗ್ಗೆ ಎಂಟಕ್ಕೆ ಅಂಗಡಿಯ ಒಳಗೋಣೆಗೆ ಹೋಗುವುದು, ಒಂದು ಸಾಲು ಬರೆಯುವುದು, ಕಣ್ಣು ಮುಚ್ಚಿ ಅದನ್ನು ಕೇಳುವುದು, ತಪ್ಪಿದ್ದರೆ ಅಳಿಸುವುದು, ಸರಿಯಿದ್ದರೆ ಮುಂದಿನದಕ್ಕೆ ಹೋಗುವುದು. ಪಿಯಾನೊ ಇರಲಿಲ್ಲ. ಡಾಕ್ಟರಮ್ಮ ತೀರಿಹೋದ ಮೇಲೆ ಅವರದನ್ನು ನೆಂಟರು ದಾವಣಗೆರೆಗೆ ಒಯ್ದಿದ್ದರು. ಬೇಕೆನಿಸಿದಾಗ ಕೈಗೆ ಸಿಕ್ಕ ಯಾರದೋ ಹಾರ್ಮೋನಿಯಂನಲ್ಲಿ ಒಂದೆರಡು ಸ್ವರ ಹಿಡಿದು ನೋಡುತ್ತಿದ್ದಳು. ಹೊರಗೆ ಅಪ್ಪ ರೀಡು ಕೆರೆಯುತ್ತಿದ್ದರು. ಒಮ್ಮೊಮ್ಮೆ ಇಡೀ ದಿನಕ್ಕೆ ಆರು ಸಾಲು. ಒಮ್ಮೆ ಮೂರು ದಿನ ಬರೆದದ್ದನ್ನೆಲ್ಲ ಹರಿದು ಹಾಕಿದಳು. ಬೇಜಾರು ಸಹ ಆಗಲಿಲ್ಲ, ತಪ್ಪಾಗಿತ್ತು, ಹರಿದಳು. ಫೆಬ್ರವರಿ ಹೋಯಿತು, ಬಿಸಿಲೇರಿತು, ಮುಸ್ಕಾನ್ ಒಳಗೋಣೆಗೆ ಕೂಲರ್ ಇಡಿಸಿದಳು. ಅದರ ಸದ್ದಿಗೆ ಕೇಳುವುದಿಲ್ಲವೆಂದು ನಿಶಾತ ಅದನ್ನು ಬಂದ್ ಮಾಡಿ ಬೆವರುತ್ತ ಕೂತಳು. ಏಪ್ರಿಲ್ ಹದಿನೆಂಟಕ್ಕೆ ಮುಗಿಯಿತು.

ಅದರ ನಡುವೆಯೇ ಧ್ವನಿಮುದ್ರಣದ ಕಂಪನಿಗೆ ಪತ್ರ ಬರೆದಿದ್ದಳು. ಪುಸ್ತಿಕೆಯ ಆ ಮಾತು ಸುಳ್ಳು, ನನಗೆ ಗೊತ್ತಿತ್ತು, ತೆಗೆಯಿರಿ ಎಂದು. ಅವರು ಮೊದಲು, ಇರಲಿ ಬಿಡಿ, ಯಾರಿಗೂ ತೊಂದರೆಯಿಲ್ಲ ಎಂದರು. ಅವಳು ಮೂರು ಸಲ ಬರೆದ ಮೇಲೆ ತೆಗೆದರು. ಬೇಸಿಗೆ ಕಳೆದು ಅವಳು ಕಲೋನಿಗೆ ಮರಳಿದ ಮೇಲೆ ಅಲ್ಲಿಯ ಪತ್ರಿಕೆಯವನೊಬ್ಬ ಆ ಸಂಜೆಯ ಬಗ್ಗೆ ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಅದನ್ನು ಲೇಖನದ ಕೊನೆಯಲ್ಲಿ ಎರಡು ಸಾಲಿನಲ್ಲಿ ಹಾಕಿದ. ಯಾರೂ ಏನೂ ಅನ್ನಲಿಲ್ಲ. ಇಷ್ಟಕ್ಕೆ ಮೂರು ವರ್ಷ ಹೆದರಿದೆನೇ ಎಂದು ಅವಳಿಗೆ ಅನಿಸಿತು. ಅನಿಸಿ ಹಾಗೇ ಹೋಯಿತು. ಆ ಎರಡು ಸಾಲುಗಳನ್ನು ಕನ್ನಡ ಮಾಡಿ ಸಲೀಂಗೆ ಕಳಿಸಿದಳು. ಅವನು ಓದಿದ, ಉತ್ತರ ಬರೆಯಲಿಲ್ಲ.

ಹೊಸ ಕೃತಿಯ ಮೊದಲ ಕಛೇರಿ ಅಕ್ಟೋಬರಿನಲ್ಲಿ, ಕಲೋನಿನಲ್ಲೇ ಇತ್ತು. ಇಪ್ಪತ್ತು ವರ್ಷದ ಮೇಲಾಗಿತ್ತು ಅವಳು ಅಲ್ಲಿ ಬಾರಿಸತೊಡಗಿ. ಮನೆಯವರು ಒಬ್ಬರೂ ಒಮ್ಮೆಯೂ ಎದುರಿಗೆ ಕೂತು ಕೇಳಿರಲಿಲ್ಲ. ಅಪ್ಪನಿಗೂ ತಮ್ಮನಿಗೂ ಬರಲು ಹೇಳಿದಳು. ಸಾಹೇಬರಿಗೆ ಮೊಣಕಾಲು ನೋವು, ಅಷ್ಟು ಹೊತ್ತು ಕೂರಲಾರೆ ಎಂದರು. ಅಮ್ಮಿಯನ್ನು ಮೆಕ್ಕಾದ ಉಮ್ರಾ ಯಾತ್ರೆಗೆ ಕರೆದೊಯ್ಯಲೆಂದು ಸಲೀಂ ಮಾಡಿಸಿದ್ದ ತನ್ನ ಪಾಸ್‌ಪೋರ್ಟು ಒಂದು ಮುದ್ರೆಯೂ ಬೀಳದೆ ಕಪಾಟಿನಲ್ಲಿತ್ತು. ಆಗಸ್ಟಿನಲ್ಲಿ ಮುಸ್ಕಾನ್ ಫೋನ್ ಮಾಡಿ, "ವೀಸಾದ ಕಾಗದ ಏನೇನು ಬೇಕು ಕಳಸ್ರಿ ಆಪಾ" ಎಂದಳು.

ಅವನು ವಿಮಾನ ನಿಲ್ದಾಣದಲ್ಲಿ ಇಳಿದು ಬಂದವನೇ ಹೇಳಿದ ಮೊದಲ ಮಾತು, "ಎಲ್ಲಾ ಮರತು ಬಂದೀನಿ ಅಂತ ತಿಳಕೋಬ್ಯಾಡ. ಅಬ್ಬಾ ಹೋಗು ಅಂದ್ರು, ಬಂದೆ."

"ಬಂದ್ಯಲ್ಲ, ಸಾಕು," ಎಂದಳು.

ಕಛೇರಿಯ ದಿನ ಅವನು ಮುಸ್ಕಾನ್ ಇಸ್ತ್ರಿ ಮಾಡಿ ಕಳಿಸಿದ್ದ ಬಿಳಿ ಅಂಗಿ ಹಾಕಿಕೊಂಡು ಮೂರನೆಯ ಸಾಲಿನಲ್ಲಿ ಕೂತ. ನಿಶಾತ ಬಾರಿಸಿದಳು. ಇಪ್ಪತ್ತಾರು ನಿಮಿಷ. ಕೃತಿಯಲ್ಲಿ ಎಲ್ಲೆಲ್ಲಿ ನಿಲ್ಲಬೇಕು ಎಂದು ಬರೆದಿದ್ದಳೋ ಅಲ್ಲೆಲ್ಲ ನಿಂತಳು, ತಂತಿವಾದ್ಯಗಳ ಮೇಲೆ ಬಿಲ್ಲು ಹಿಡಿದ ನಲವತ್ತು ಜನ ಅವಳ ಜೊತೆ ನಿಂತರು. ಕಿವಿಗೆ ಎಲ್ಲ ಸರಿಯಾಗಿ ಬೀಳುತ್ತಿತ್ತು. ಎದೆ ಎಂದಿನಂತೆ ಮೌನವಾಗಿತ್ತು. ಮುಗಿದ ಮೇಲೆ ಚಪ್ಪಾಳೆಯ ನಡುವೆ ಸಲೀಂನತ್ತ ನೋಡಿದಳು. ಅವನು ಚಪ್ಪಾಳೆ ತಟ್ಟುತ್ತಿರಲಿಲ್ಲ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದ.

ಜನ ಹೋದ ಮೇಲೆ ಅವನು ವೇದಿಕೆಗೆ ಬಂದು ಪಿಯಾನೊದ ಎತ್ತಿದ ಮುಚ್ಚಳದ ಕೆಳಗೆ ತಲೆ ಹಾಕಿ ಬಹಳ ಹೊತ್ತು ನೋಡಿದ. ಶ್ರುತಿ ಮಾಡುವ ಮುದುಕ ಅಲ್ಲಿದ್ದ. ಸಲೀಂ ಬೆರಳಿನಿಂದಲೇ ತೋರಿಸಿ ತೋರಿಸಿ ಕೇಳಿದ, ಆ ಮುದುಕ ಕೀಲಿ ತಿರುಗಿಸಿ ತಿರುಗಿಸಿ ತೋರಿಸಿದ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ.

"ಎಷ್ಟು ತಂತಿ, ಎಷ್ಟು ಬಿಗಿ ಆಪಾ ಇದರಾಗ!" ಎಂದ ಸಲೀಂ. "ಎಲ್ಲಾ ಕೂಡಿ ಇಪ್ಪತ್ತು ಟನ್ ಎಳಿತಾವಂತ, ಬರದು ತೋರಿಸಿದ. ಈ ಕಬ್ಬಿಣದ ಚೌಕಟ್ಟು ಇರ್ಲಿಲ್ಲಂದ್ರ ಮುರದ ಬೀಳತಿತ್ತು."

"ಬಾರಿಸಿದ್ದು ಹೆಂಗಿತ್ತು?"

"ನನಗೇನು ತಿಳೀತೈತಿ." ಮುಚ್ಚಳದ ಕೆಳಗಿಂದ ತಲೆ ತೆಗೆದು ಹೇಳಿದ, "ನೀ ಭಾಳ ಬೆವತಿದ್ದಿ. ಇಷ್ಟು ಕಷ್ಟದ ಕೆಲಸ ಅಂತ ಗೊತ್ತಿರಲಿಲ್ಲ."

ಮನೆಗೆ ಬಂದು ಮುಸ್ಕಾನ್ ಕಟ್ಟಿ ಕಳಿಸಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಬಿಚ್ಚಿದರು. ತಿನ್ನುತ್ತ ತಿನ್ನುತ್ತ ಸಲೀಂ ಅಮ್ಮಿಯ ಕೊನೆಯ ದಿನದ್ದನ್ನು ಹೇಳತೊಡಗಿದ. ಯಾರೂ ಕೇಳಿರಲಿಲ್ಲ, ತಾನಾಗಿಯೇ ಹೇಳಿದ. ಮಧ್ಯಾಹ್ನ ಮೆಣಸಿನಕಾಯಿ ಒಣಹಾಕಿದ್ದು, ಪಕ್ಕದ ಮನೆಯ ಪಾಲಮ್ಮನ ಜೊತೆ ಯಾವುದೋ ಕೋಳಿಯ ಸಲುವಾಗಿ ಜಗಳವಾಡಿದ್ದು, ಸಂಜೆ ಎದೆ ಹಿಡಿದುಕೊಂಡು ಕೂತಾಗಲೂ ಆ ಕೋಳಿಯನ್ನೇ ಬಯ್ಯುತ್ತಿದ್ದದ್ದು. ಹೇಳುತ್ತ ಅವನು ನಕ್ಕ. ನಗುತ್ತಲೇ ಅವನ ಮುಖ ಕಿವುಚಿಕೊಂಡಿತು, ತಟ್ಟೆ ಪಕ್ಕಕ್ಕಿಟ್ಟು, ಅಂಗೈಯಲ್ಲಿ ಕಣ್ಣೊತ್ತಿಕೊಂಡು ಅತ್ತ. ನಿಶಾತ ಅವನ ಬೆನ್ನ ಮೇಲೆ ಕೈಯಿಟ್ಟಳು. ಅವಳು ಅಳಲಿಲ್ಲ, ಅಳಬೇಕೆಂದು ಪ್ರಯತ್ನವನ್ನೂ ಮಾಡಲಿಲ್ಲ. ಇದು ಅವನ ಸರದಿ ಎಂದುಕೊಂಡು, ಅವನು ಮುಗಿಸುವ ತನಕ ಕೈ ತೆಗೆಯದೆ ಕೂತಳು.

ಮೂರನೆಯ ದಿನ ಬೆಳಿಗ್ಗೆ ಅವನನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದಳು. ಒಳಗೆ ಹೋಗುವ ಮುಂಚೆ ಅವನು, "ಮುಟ್ಟಿದ ಮ್ಯಾಲೆ ಫೋನ್ ಮಾಡ್ತೀನಿ" ಎಂದಿದ್ದ, ಹೆಂಡತಿಯ ಹೆಸರು ಎತ್ತದೆ. ಮನೆ ಖಾಲಿಯಾಗಿತ್ತು. ಅಡಿಗೆಕೋಣೆಯಲ್ಲಿ ಡಬ್ಬಿಯ ತಳಕ್ಕೆ ಮುರಿದ ರೊಟ್ಟಿಯ ಎರಡು ಮೂರು ಚೂರು ಉಳಿದಿದ್ದವು. ಹಸಿವಾಗಿತ್ತು. ಕೋಟು ಸಹ ಬಿಚ್ಚದೆ, ನಿಂತುಕೊಂಡೇ, ಅವುಗಳಿಗೆ ಚಟ್ನಿ ಹಚ್ಚಿ ಒಂದೊಂದಾಗಿ ತಿಂದಳು. ಖಾರ ಇತ್ತು. ಒಂದು ಲೋಟ ನೀರು ಕುಡಿದಳು.